ದಯಾ ಅಕ್ಕೋರ ಗಾದಿಯ ಅರ್ಧ ಜಾಗ

ರೋಣದ ದಯಾವತಿ ಅಕ್ಕೋರು ಹುಟ್ಟಾ ಒಂಟಿ. ಮಗ್ಗುಲಲ್ಲಿ ಗೊರಕೆ ಹೊಡೆಯುವ ಗಂಡನಿಲ್ಲ, ಒದೆಯುವ ಮಕ್ಕಳಿಲ್ಲ. ಆದರೂ ಅವರು ಮಲಗುವುದು ಗಾದಿಯ ಒಂದು ಅಂಚಿನಲ್ಲಿ. ಉಳಿದರ್ಧ ಖಾಲಿ.

ಇದಕ್ಕೆ ಕಾರಣ ಗಜೇಂದ್ರಗಡದಲ್ಲಿ ಚರ್ಚಿನ ಉಪದೇಶಿಯಾಗಿದ್ದ ಅವರಪ್ಪ. ಮಲಗಿದ ಪ್ರತಿ ಕೂಸಿನ ಮಗ್ಗುಲಿಗೆ ಒಬ್ಬ ದೇವದೂತ ಇರುತ್ತಾನೆಂದು ಅವರೊಮ್ಮೆ ಹೇಳಿದರು. ಆರು ವರ್ಷದ ದಯಾ ಅದನ್ನು ಅಕ್ಷರಶಃ ನಂಬಿದಳು. ರೆಕ್ಕೆ ಇದ್ದವನಿಗೆ ಜಾಗ ಹೆಚ್ಚು ಬೇಕಲ್ಲ? ಅಂಚಿಗೆ ಸರಿದಳು. ಸರಿದು ಸರಿದು ಮಂಚದಿಂದ ಬಿದ್ದು ಹಣೆ ಒಡೆದುಕೊಂಡಳು. ದೂತ ಹಿಡಿಯಲಿಲ್ಲ. “ಅವಗೂ ನಿದ್ದಿ ಹತ್ತಿರಬೇಕು ಬಿಡ್ರಿ” ಎಂದು ಗಾಯಕ್ಕೆ ಅರಿಶಿಣ ಹಚ್ಚುತ್ತಿದ್ದ ಅವ್ವನಿಗೆ ತಾನೇ ಸಮಾಧಾನ ಹೇಳಿದಳಂತೆ.

ಆ ಕಲೆ ಐವತ್ತೆಂಟರ ವಯಸ್ಸಿನಲ್ಲೂ ಹಣೆಯ ಮೇಲಿತ್ತು. ವಾರದ ದಿನಗಳಲ್ಲಿ ಅಂಗನವಾಡಿ, ಭಾನುವಾರ ಚರ್ಚಿನ ಸಂಡೆ ಸ್ಕೂಲು. ಅಂಗನವಾಡಿಯಲ್ಲಿ ಉಪ್ಪಿಟ್ಟಿನ ಮೂಲಕ ಜ್ಞಾನ, ಸಂಡೆ ಸ್ಕೂಲಿನಲ್ಲಿ ಪೆಪ್ಪರಮೆಂಟಿನ ಮೂಲಕ ಮೋಕ್ಷ. ಹಸಿರು ಉಣ್ಣೆ ಬಟ್ಟೆ ಹೊದಿಸಿದ ಒಂದು ಹಲಗೆ, ಅದಕ್ಕೆ ಅಂಟುವ ಕಾಗದದ ಚಿತ್ರಗಳು. ಅದರಲ್ಲೊಬ್ಬ ದೇವದೂತ: ಬಿಳಿ ನಿಲುವಂಗಿ, ಬಂಗಾರದ ಕೂದಲು, ಕೈಯಲ್ಲಿ ತಂತಿ ಬಿಗಿದ ಆಳೆತ್ತರದ ಕಿನ್ನರಿ. ಬಹಳ ಹಳೆಯ ಚಿತ್ರ. ಒಂದು ರೆಕ್ಕೆ ಹರಿದು, ಅದಕ್ಕೆ ಅಕ್ಕೋರು ಅಂಗನವಾಡಿಯ ಔಷಧಿ ಪೆಟ್ಟಿಗೆಯಿಂದ ತಂದ ಪಟ್ಟಿ ಹಚ್ಚಿದ್ದರು. “ನಮ್ಮ ದೂತಗ ಆಪರೇಶನ್ ಆಗೇತಿ, ಜಗ್ಗಬ್ಯಾಡ್ರಿ” ಎಂದು ಮಕ್ಕಳಿಗೆ ತಾಕೀತು.

ಖಾಸಾ ಮಂದಿ ಕೂತಾಗ, ಚಹಾ ಬಸಿಗೆ ಹೊಯ್ದುಕೊಂಡು, ಬೇರೆಯೇ ಮಾತು ಬರುತ್ತಿತ್ತು. “ಮೂವತ್ತ ವರ್ಷ ದೇವದೂತರ ಏಜೆಂಟಕಿ ಮಾಡೀನಿ. ಮಾಲಕರು ಒಮ್ಮೆರ ಅಂಗಡಿಗೆ ಬರಬಾರ್ದೇನ?”

ನಗುತ್ತಲೇ ಹೇಳುತ್ತಿದ್ದರು. ಆದರೆ ಗಾದಿಯ ಅರ್ಧ ಜಾಗ ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಎರಡು ಸಾವಿರದ ಆರರ ಡಿಸೆಂಬರಿನ ಒಂದು ಬುಧವಾರ ಸಂಡೆ ಸ್ಕೂಲಿನ ಏಳು ವರ್ಷದ ಎಸ್ತೇರ ಓಡಿ ಬಂದು, ಏದುಸಿರು ಬಿಡುತ್ತ ಅವರ ಸೆರಗು ಹಿಡಿದಳು. ಕ್ರಿಸ್‌ಮಸ್ ನಕ್ಷತ್ರ ಕಟ್ಟಲು ಬಿದಿರಿನ ಕಡ್ಡಿ ತಾ ಎಂದು ಬೆಳಗಿನ ಬಿಸಿಲು ಏರುವ ಹೊತ್ತಿಗೆ ಚರ್ಚಿನ ಕಂಪೌಂಡಿಗೆ ಕಳಿಸಿದವರು ಅಕ್ಕೋರೇ.

“ಅಕ್ಕೋರ, ದೇವದೂತನ್ನ ನೋಡಿದೆ!”

“ಕಡ್ಡಿ ಎಲ್ಲೈತಿ?”

“ಖರೇನಽ ನೋಡಿದೆನ್ರಿ! ಬೆಳ್ಳಗ ಇದ್ದ. ಹುಬ್ಬೂ ಬೆಳ್ಳಗ. ದೊಡ್ಡ ಕಿನ್ನರಿ ಬಾರಸ್ತಿದ್ದ. ಸುತ್ತಲೂ ಮೋಡ ಇತ್ತು. ‘ಹೆದರಬ್ಯಾಡವ್ವಾ’ ಅಂದ.”

ಅಕ್ಕೋರು ಚಹಾದ ಬಸಿ ಕೆಳಗಿಟ್ಟರು. ಬೈಬಲಿನಲ್ಲಿ ಹೆದರಬೇಡ ಅನ್ನುವುದೇ ದೂತರ ಮೊದಲ ಮಾತು, ಅದು ಅವರಿಗೆ ಗೊತ್ತು. ಆದರೆ ಆ ಪಾಠವನ್ನು ಎಸ್ತೇರಳಿಗೆ ಇನ್ನೂ ಹೇಳಿರಲಿಲ್ಲ. ಮಾಲಕರು ಕಡೆಗೂ ಅಂಗಡಿಗೆ ಬಂದರು, ಏಜೆಂಟಳನ್ನು ಬಿಟ್ಟು ಕೆಲಸದ ಹುಡುಗಿಯನ್ನು ಮಾತಾಡಿಸಿ ಹೋದರು! ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಎರಡೂ ಕೂಡಿ ಅವರಿಂದ ಒಂದು ತಪ್ಪು ಮಾಡಿಸಿದವು: ಗದಗಿಗೆ ಹೋಗಿದ್ದ ಪಾಸ್ಟರ್ ಮರಳಿ ಬರುತ್ತಲೇ ಸುದ್ದಿ ಹೇಳಿಬಿಟ್ಟರು.

ಪಾಸ್ಟರ್ ಸುಗುಣಕುಮಾರ ಹೊಸಬರು, ಹುಬ್ಬಳ್ಳಿ ಕಡೆಯವರು, ಉತ್ಸಾಹಿ. ಮೈಕ್ ಇಲ್ಲದೆ ಮನೆಯಲ್ಲಿ ಉಪ್ಪಿನಕಾಯಿ ಕೇಳುವುದೂ ಅವರಿಗೆ ಕಷ್ಟ. “ಇದು ರೋಣಕ್ಕೆ ಬಂದ ದರ್ಶನ!” ಎಂದವರೇ ಎಸ್ತೇರಳನ್ನು ಕೂರಿಸಿಕೊಂಡು ಕೇಳತೊಡಗಿದರು. ರೆಕ್ಕೆ ಎಷ್ಟಿದ್ದವು? ಎರಡೋ, ಆರೋ? ಆರು ಅಂದಾಗ ಪಾಸ್ಟರ್ ಮುಖ ಅರಳಿದ್ದು ನೋಡಿ ಹುಡುಗಿ “ಆರು” ಎಂದಳು. ತಲೆಯ ಸುತ್ತ ಬೆಳಕಿತ್ತೆ? ಇತ್ತು. ನಮ್ಮ ಸಭೆಗೆ ಏನಾದರೂ ಸಂದೇಶ ಹೇಳಿದನೆ? “ಹೂಂ... ಹೆದರಬ್ಯಾಡ ಅಂದ.” ಕಂಪೌಂಡಿನ ಬೇವಿನ ಗಿಡದ ಕೆಳಗೇ ನಿಂತಿದ್ದನಲ್ಲವೆ? ಹುಡುಗಿ ತಲೆಯಾಡಿಸಿದಳು. ಗಿಡದ ಸುತ್ತ ಹಗ್ಗ ಕಟ್ಟಿದರು. ಅವಳೇ ಹೇಳಲಿ ಎಂದು ಸುಮ್ಮನೆ ಕಾದವರಿಲ್ಲ; ಪಾಸ್ಟರ್ ಪ್ರಶ್ನೆಯ ಜೊತೆಗೇ ಉತ್ತರವನ್ನೂ ಕೊಡುತ್ತಿದ್ದರು. ಕೇಳಿದಷ್ಟೂ ದೂತನಿಗೆ ಗರಿ ಮೂಡುತ್ತಿತ್ತು.

ಕಾನ್ವೆಂಟಿನ ಸಿಸ್ಟರುಗಳು ಕಲಿಸುವ ಪ್ರಕಾರ ದೇವದೂತರಲ್ಲಿ ಒಂಬತ್ತು ದರ್ಜೆ. ಆರು ರೆಕ್ಕೆಯವರು ಮೊದಲನೇ ದರ್ಜೆ, ದೇವರ ಸಿಂಹಾಸನದ ಬಳಿ ಬಿಟ್ಟು ಕದಲುವುದಿಲ್ಲ. ಅಂಥವರು ರೋಣ ತಾಲೂಕಿಗೆ ಫಿರತಿ ಬಂದರೆಂದರೆ ಮೇಲೆ ಏನೋ ದೊಡ್ಡ ಬದಲಾವಣೆಯೇ ನಡೆದಿರಬೇಕು.

ದೂತ ಬಂದ ಬೆನ್ನಿಗೇ ದೂರೂ ಬಂತು. ತಂದವರು ಸಭೆಯ ಹಿರಿಯ, ನಿವೃತ್ತ ಹೆಡ್‌ಮಾಸ್ತರ ದೇವಪುತ್ರಪ್ಪ. ಹೆಸರಿನಲ್ಲೇ ದೇವರ ಮಗ; ಹೀಗಾಗಿ ದೂತರನ್ನೆಲ್ಲ ಅವರು ತಮ್ಮ ಕೈಕೆಳಗಿನ ಸಿಬ್ಬಂದಿ ಎಂದೇ ತಿಳಿದಿದ್ದರು.

“ದಯವ್ವಾ, ಈ ಊರಾಗ ನಲವತ್ತ ವರ್ಷ ಹಿರ್ಯಾ ಆಗೀನಿ. ದೂತ ಬಂದ್ರ ಮದಲ ನನಗ ತಿಳಸಬೇಕಿಲ್ಲ? ಎರಡನೇ ಇಯತ್ತಾ ಕಲಿಯೂ ಹುಡಗಿಗಿ ಹೇಳಿ ಹೋಗತಾನೇನ?”

“ನಿಮ್ಮ ಮನ್ಯಾಗ ನಾಯಿ ಐತೆಲ್ರಿ ಮಾಸ್ತರ. ಹೆದರಿರಬೇಕು.”

“ಚ್ಯಾಷ್ಟಿ ಸಾಕು. ಹುಡಗಿ ಸುಳ್ಳ ಹೇಳತೈತಿ. ಐತವಾರ ಸಭಾದ ಮುಂದ ನಿಂತು ತಪ್ಪಾತು ಅನ್ನಬೇಕು.”

ಪಾಸ್ಟರ್ ಅವರ ಯೋಜನೆ ಬೇರೆ. ಸೋಮವಾರ ನರಗುಂದದಲ್ಲಿ ದೊಡ್ಡ ಉಜ್ಜೀವನ ಕೂಟ. ಅಲ್ಲಿ ಎಸ್ತೇರ ವೇದಿಕೆ ಹತ್ತಿ ಸಾಕ್ಷಿ ಹೇಳಬೇಕು, ರೋಗಿಗಳ ತಲೆಯ ಮೇಲೆ ಕೈಯಿಡಬೇಕು. ಸಭೆ ಎರಡು ಪಾಲಾಯಿತು. ಒಂದು ಪಾಲಿಗೆ ಹುಡುಗಿ ಪ್ರವಾದಿನಿ, ಇನ್ನೊಂದಕ್ಕೆ ಸುಳ್ಳುಬುರುಕಿ. ಅವಳನ್ನು ಬರೀ ಎಸ್ತೇರ ಅನ್ನುವವರು ಯಾರೂ ಉಳಿಯಲಿಲ್ಲ.

ಶುಕ್ರವಾರ ಎಸ್ತೇರಳ ತಾಯಿ ಕರುಣಾ ಅಂಗನವಾಡಿಗೆ ಬಂದಳು. “ಅಕ್ಕೋರ, ಕೂಸು ಉಣವಲ್ದು. ಫ್ರಾಕಿನ ಕಾಲರ್ ಕಡದು ಕಡದು ಜೂಲ ಮಾಡೇತಿ. ‘ಯವ್ವಾ, ನಾ ಸುಳ್ಳ ಹೇಳೀನೇನ?’ ಅಂತ ನನ್ನಽ ಕೇಳತೈತ್ರಿ. ನಾ ಏನ ಹೇಳ್ಲಿ?”

ಅಕ್ಕೋರು ಅವಳನ್ನು ಕೂರಿಸಿ ಚಹಾ ಕೊಟ್ಟರು. ಏನೋ ನೋಡಿದ್ದು ಖರೇ, ಆದರೆ ಆರು ರೆಕ್ಕೆ ಪಾಸ್ಟರ್ ಕೊಟ್ಟಿದ್ದು. ಈಗ ಖರೇ ಎಲ್ಲಿ ಮುಗಿಯಿತು, ರೆಕ್ಕೆ ಎಲ್ಲಿ ಹತ್ತಿತು ಅನ್ನುವುದು ಹುಡುಗಿಗೇ ತಿಳಿಯದಾಗಿತ್ತು. ಭಾನುವಾರ ಅವಳ ಬಾಯಿಂದ ಯಾವ ಮಾತು ಹೊರಟರೂ ಅದು ಜೀವನಪೂರ್ತಿ ಅವಳಿಗೆ ಅಂಟಿಕೊಳ್ಳುತ್ತದೆ ಎಂಬುದು ಮಾತ್ರ ಅಕ್ಕೋರಿಗೆ ಸ್ಪಷ್ಟವಿತ್ತು.

ಶನಿವಾರ ಮಧ್ಯಾಹ್ನ ಜಕ್ಕಲಿಯ ಸುಭಾನಸಾಬ ಅಕ್ಕೋರ ಗಾದಿ ಹೊತ್ತು ತಂದ. ಸುಭಾನಸಾಬ ಪಿಂಜಾರ. ಪೇಟೆಯಲ್ಲಿ ಹತ್ತಿ ಹಿಂಜುವ ಕರೆಂಟಿನ ಯಂತ್ರ ಬಂದಿದ್ದರೂ, ಕ್ರಿಸ್‌ಮಸ್ಸಿಗೆ ಬೀಗರು ಬರುವ ಮುಂಚೆ ಚರ್ಚಿನ ಮನೆಗಳ ಗಾದಿಗಳನ್ನೆಲ್ಲ ಸುಭಾನಸಾಬನೇ ಬಿಚ್ಚಿ, ಗಂಟುಗಟ್ಟಿದ ಹತ್ತಿಯ ಅರಳಿ ಹಿಂಜಿ ಹಗುರ ಮಾಡಿಕೊಡಬೇಕೆಂಬುದು ಅಲ್ಲಿಯ ರೂಢಿ. ಗಾದಿಗಳನ್ನು ಕಂಪೌಂಡಿನ ಹಿಂದಿನ ಹಳೇ ತಗಡಿನ ಶೆಡ್ಡಿನಲ್ಲಿ ಒಟ್ಟಿಡುತ್ತಿದ್ದರು. ಹಿಂಜಿದ ಅರಳಿಯನ್ನು ಅವನು ಮನೆಗೆ ಒಯ್ದರೆ ಹೆಂಡತಿ ಸುಗರಾ ಗವಸು ಹೊಲಿಯುತ್ತಿದ್ದಳು.

“ಅಕ್ಕೋರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬಾರ್ದು,” ಎಂದ ಸುಭಾನಸಾಬ, ಗಾದಿ ಇಳಿಸುತ್ತ. “ಪ್ರತಿ ವರ್ಷಾ ನೋಡ್ತೀನಿ. ನಿಮ್ಮ ಗಾದಿ ಒಂದ ಅಂಚಿನ್ಯಾಗ ಹಪ್ಪಳ ಆಗಿರತೈತಿ. ಅತ್ತಾಗಿನ ಅರಳಿ ಹಾಕಿದಾಂಗಽ ಇರತೈತಿ. ಯಾರಿಗಿ ಜಾಗಾ ಬಿಡ್ತೀರಿ?”

“ಮಂದಿ ಬರ್ತಾರ,” ಎಂದರು ಅಕ್ಕೋರು.

“ಯಾವಾಗ?”

“ಬರ್ತೀನಿ ಅಂತ ಹೇಳ್ಯಾರ. ಅದಿರ್ಲಿ, ನೀ ಇಷ್ಟ ಲಗೂ ಹ್ಯಾಂಗ ತಂದಿ? ಶುಕ್ರವಾರ ಬಂದು ಹಿಂಜತೀನಿ ಅಂದಿದ್ದಿ.”

“ನಿನ್ನೆ ಸವಡ್ಯಾಗ ಲಗ್ನ ಇತ್ರಿ. ಅದಕ್ಕ ಬುಧವಾರ ಹೊತ್ತೇರೂದರಾಗಽ ಬಂದು ಹಿಂಜಿ ಹೋದೆ. ಕಂಪೌಂಡಿನ್ಯಾಗ ಯಾರೂ ಇರ್ಲಿಲ್ಲ. ಅಲ್ರಿ, ನಿಮ್ಮ ಪೈಕಿ ಒಂದು ಸಣ್ಣ ಹುಡಗಿ ಬಾಗಲದಾಗ ಬಂದು ನಿಂತಿತ್ತು. ನನ್ನ ಮಾರಿ ನೋಡಿ ಗಾಬರಿ ಆತು. ಹೆದರಬ್ಯಾಡವ್ವಾ ಅಂದೆ. ಅಂದದ್ದಽ ತಡ, ಮೊಣಕಾಲೂರಿ ಕೈ ಮುಗದಬಿಡ್ತ್ರಿ! ಅರವತ್ತೈದ ವರ್ಷಾತು, ಪಿಂಜಾರಗ ಹಂಗ ಮಾಡಿದವರ‍್ನ ನೋಡಿಲ್ಲ. ನನಗಽ ನಾಚಿಕಿ ಬಂತು.”

ಅಕ್ಕೋರು ಗಾದಿಯ ಮೇಲೆ ಕೂತರು, ಅದೂ ನಟ್ಟನಡುವೆ. ಬುಧವಾರ, ಬೆಳಗು, ಶೆಡ್ಡು, ಬಿಳಿ ಹುಬ್ಬು. ಕಿನ್ನರಿ! ಮೇಲಿನ ತೊಲೆಗೆ ನೇತುಹಾಕಿ, ತಂತಿ ಮೀಟಿ ಹತ್ತಿ ಹಿಂಜುವ ಪಿಂಜಾರನ ಆಳೆತ್ತರದ ಬಿಲ್ಲು. ಎಲ್ಲಿ ನೋಡಿದೆ ಎಂದು ತಾವಾದರೂ ಕೇಳಬಹುದಿತ್ತು. ಮೂವತ್ತು ವರ್ಷ ಕಾದ ದೂತ ಜಕ್ಕಲಿಯವನಾಗಿದ್ದ, ಮತ್ತು ಪ್ರತಿ ವರ್ಷ ಬಂದು ಚಹಾ ಕುಡಿದು ಹೋಗುತ್ತಿದ್ದ.

ಮೊದಲು ನಗು ಬಂತು. ಆಮೇಲೆ ಅಳು ಬಂದ ಹಾಗಾಯಿತು, ಅದನ್ನು ಕೆಮ್ಮಿನಲ್ಲಿ ಮುಗಿಸಿದರು.

“ಶೆಡ್ಡಿನ್ಯಾಗ ಇನ್ನೂ ಯಾವರ ಗಾದಿ ಉಳದಾವೇನ?”

“ಪಾಸ್ಟರ್ ಸಾಹೇಬ್ರದು ಒಂದೈತಿ. ಕಲ್ಲ ಆಗೇತಿ, ಅದಕ್ಕಽ ಬಿಟ್ಟೆ.”

“ನಾಳೆ ಮುಂಜಾನೆ ಬಾ.”

“ನಾಳೆ ಐತವಾರ್ರಿ. ನಿಮ್ಮ ಪ್ರಾರ್ಥನಾ ಇರತೈತಿ. ಸಪ್ಪಳ ಆಗತೈತಿ.”

“ಸಪ್ಪಳಾನಽ ಬೇಕು. ನಾ ಶೆಡ್ಡಿನ ಬಾಗಲಾ ಬಡದು ಹೋದ ಮ್ಯಾಲೆ ಸುರು ಮಾಡು.”

ಪಾಸ್ಟರಿಗೋ ದೇವಪುತ್ರಪ್ಪನವರಿಗೋ ಹೇಳಿಬಿಟ್ಟರೆ ಮುಗಿಯುತ್ತಿತ್ತಲ್ಲ? ಮುಗಿಯುತ್ತಿರಲಿಲ್ಲ. ಪಿಂಜಾರನನ್ನು ದೇವದೂತ ಎಂದ ದಡ್ಡಿ ಎಂದು ಹುಡುಗಿಯನ್ನು ಅವಳ ಮದುವೆಯವರೆಗೂ ಊರು ಆಡಿಕೊಳ್ಳುತ್ತಿತ್ತು. ಆ ಸಭೆಗೆ ಅರಳಿ ಹಿಂಜುವವನು ಒಬ್ಬನೇ. ಮಾತು ಹಿಂಜುವವರು ಮನೆಗಿಬ್ಬರು. ಅವಳು ಕಂಡದ್ದನ್ನು ಅವರೂ ಕಾಣಬೇಕು, ಬೇರೆ ದಾರಿಯಿಲ್ಲ ಎಂದು ಅಕ್ಕೋರು ತೀರ್ಮಾನಿಸಿದರು. ಹೀಗೆ ಮಾಡಿದರೆ ಎಸ್ತೇರಳ ದೂತ ಕೈಬಿಟ್ಟು ಹೋಗುತ್ತಾನಲ್ಲ ಎಂಬ ಸಂಕಟವೂ ಇತ್ತು. ದೂತನಿಗಾಗಿ ಕಾಯುವುದು ಎಷ್ಟು ಚಂದದ ಕೆಲಸ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಭಾನುವಾರ ಚರ್ಚು ತುಂಬಿತ್ತು. ವರ್ಷಕ್ಕೊಮ್ಮೆ ಕೇಕಿಗೆ ಮಾತ್ರ ಬರುವವರೂ ಬಂದಿದ್ದರು. ಮೊದಲ ಕೀರ್ತನೆ ಮುಗಿಯುವ ಹೊತ್ತಿಗೆ ಅಕ್ಕೋರು ಎದ್ದು ಹೊರಗೆ ಹೋಗಿ ಬಂದರು. ಪಾಸ್ಟರ್ ಎಸ್ತೇರಳನ್ನು ಮುಂದಕ್ಕೆ ಕರೆದರು. ಕಾಲರ್ ಬಾಯಲ್ಲಿಟ್ಟುಕೊಂಡೇ ಬಂದಳು.

“ಹೇಳು ಮಗಳೇ. ನೀನು ಕಂಡದ್ದನ್ನು ಧೈರ್ಯದಿಂದ ಹೇಳು.”

“ಸುಳ್ಳಿದ್ರ ಸುಳ್ಳ ಅನ್ನು,” ಎಂದು ಮುಂದಿನ ಬೆಂಚಿನಿಂದ ದೇವಪುತ್ರಪ್ಪ.

ಹುಡುಗಿಯ ಕಣ್ಣು ತುಂಬಿತು. ಆಗ ಹಿಂದಿನಿಂದ ಕೇಳಿಸಿತು: ಟೊಂಯ್. ಟೊಂಯ್ ಟೊಂಯ್.

“ಅದಽ!” ಎಸ್ತೇರ ಚೀರಿದಳು. “ಅದಽ ಕಿನ್ನರಿ!”

ಓಡಿದಳು. ಹಿಂದೆ ಅವಳ ತಾಯಿ, ಆಕೆಯ ಹಿಂದೆ ಪಾಸ್ಟರ್, ಅವರ ಹಿಂದೆ ಕೀರ್ತನೆ ಪುಸ್ತಕ ಕೈಯಲ್ಲಿ ಹಿಡಿದೇ ಇಡೀ ಸಭೆ. ಹಗ್ಗ ಕಟ್ಟಿದ ಬೇವಿನ ಗಿಡವನ್ನು ಎಲ್ಲರೂ ಬಳಸಿಕೊಂಡು ಹೋದರು, ಯಾರೂ ಅದರತ್ತ ನೋಡಲಿಲ್ಲ.

ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಕತ್ತಲು, ಮೇಲೆ ತಗಡು ತೂತಾದಲ್ಲಿ ಬೆಳಗಿನ ಬಿಸಿಲು ಕೋಲಾಗಿ ಇಳಿದಿತ್ತು. ಆ ಬೆಳಕಿನಲ್ಲಿ ಅರಳಿ ಎದ್ದು, ತೇಲಿ, ಇಳಿಯಲಾರದೆ ನಿಂತಿತ್ತು. ನಡುವೆ ನೆತ್ತಿಯಿಂದ ಪಾದದವರೆಗೆ ಬೆಳ್ಳಗೆ ಒಂದು ಆಕೃತಿ. ಹುಬ್ಬು ಬಿಳಿ, ಗಡ್ಡ ಬಿಳಿ, ಮುಖಕ್ಕೆ ಬಿಳಿ ವಸ್ತ್ರ. ಮುಂದೆ ಆಳೆತ್ತರದ ತಂತಿ. ಅದನ್ನು ಮೀಟಿದಾಗೆಲ್ಲ ಒಂದು ಮೋಡ ಎದ್ದು ಅವನ ಭುಜದ ಹಿಂದೆ ಹರಡಿಕೊಳ್ಳುತ್ತಿತ್ತು.

ಪಾಸ್ಟರ್ ಮೈಕ್ ಇಲ್ಲದೆಯೂ, ಮಾತಿಲ್ಲದೆಯೂ ಒಂದು ನಿಮಿಷ ನಿಂತದ್ದು ರೋಣದ ಇತಿಹಾಸದಲ್ಲಿ ಅದೇ ಮೊದಲು. ಆಮೇಲೆ ಅಕ್ಕೋರ ಕಣ್ಣು ನೆಲದ ಮೇಲೆ ಬಿತ್ತು. ದೇವಪುತ್ರಪ್ಪ ಶೆಡ್ಡಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟಿದ್ದರು.

“ಮಾಸ್ತರ,” ಎಂದರು ಅಕ್ಕೋರು ಮೆಲ್ಲಗೆ, “ಪಿಂಜಾರನ ಶೆಡ್ಡಿಗಿ ಚಪ್ಪಲಿ ಬಿಟ್ಟು ಬರೂ ಪದ್ಧತಿ ಯಾವಾಗಿಂದ?”

ದೇವಪುತ್ರಪ್ಪ ತಮ್ಮ ಕಾಲು ತಾವೇ ನೋಡಿಕೊಂಡರು. ಯಾವಾಗ ಬಿಟ್ಟರೋ ಅವರಿಗೂ ಗೊತ್ತಿರಲಿಲ್ಲ.

ಸುಭಾನಸಾಬ ಮುಖದ ವಸ್ತ್ರ ಜಗ್ಗಿದ. “ಏನಾತ್ರಿ ಇಷ್ಟ ಮಂದಿ? ಎಲ್ಲಾರ ಗಾದಿನೂ ಇವತ್ತಽ ಆಗೂದಿಲ್ಲ ಮತ್ತ.”

ಎಸ್ತೇರ ಒಳಗೆ ಹೋಗಿ ಅವನ ಮುಂದೆ ನಿಂತಳು. “ಅಜ್ಜಾ, ನೀ ದೇವದೂತ ಅಲ್ಲೇನ?”

“ಅಲ್ಲವ್ವಾ. ನಾ ಸುಭಾನಸಾಬ. ಜಕ್ಕಲ್ಯಾವ.”

ಹುಡುಗಿ ಅವನ ಹುಬ್ಬು ನೋಡಿದಳು, ಬಿಲ್ಲು ನೋಡಿದಳು, ಕೈ ಮೇಲೆತ್ತಿ ತೇಲುತ್ತಿದ್ದ ಒಂದು ಎಳೆ ಅರಳಿ ಹಿಡಿದಳು. ಆಮೇಲೆ ತಿರುಗಿ, ಐದು ದಿನದಲ್ಲಿ ಮೊದಲ ಸಲ ಕಾಲರ್ ಬಾಯಿಂದ ಬಿಟ್ಟು, ತಾಯಿಗೆ ಹೇಳಿದಳು:

“ಯವ್ವಾ, ಸುಳ್ಳ ಹೇಳಿಲ್ಲ ನಾ. ರೆಕ್ಕಿ ಅಷ್ಟಽ ಪಾಸ್ಟರದು.”

ಮೊದಲು ನಕ್ಕವರು ಪಾಸ್ಟರೇ. ಅದೊಂದಕ್ಕಾಗಿ ಅವರ ಉಳಿದ ಮೈಕುಗಳನ್ನೆಲ್ಲ ಅಕ್ಕೋರು ಮಾಫಿ ಮಾಡಿದರು. ನರಗುಂದದ ಕೂಟಕ್ಕೆ ಅವರೊಬ್ಬರೇ ಬಸ್ಸು ಹತ್ತಿದರು. ತಪ್ಪಾಯಿತು ಅನ್ನಬೇಕೆಂಬ ಮಾತನ್ನು ದೇವಪುತ್ರಪ್ಪ ಮತ್ತೆ ಎತ್ತಲಿಲ್ಲ. ಬರಿಗಾಲಲ್ಲಿ ನಿಂತು ಅದನ್ನು ಎತ್ತುವುದು ಕಷ್ಟ. ಎಸ್ತೇರ ಅಂದು ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳೆಂದು ಕರುಣಾ ಬಂದು ಹೇಳಿ ಹೋದಳು.

ಸಂಡೆ ಸ್ಕೂಲಿನ ಹಲಗೆಯ ಮೇಲಿನ ದೂತನಿಗೆ ಆ ವರ್ಷ ಯಾರೋ ಪೆನ್ಸಿಲಿನಿಂದ ಗಡ್ಡ ಬರೆದಿದ್ದರು. ಅಕ್ಕೋರು ಅಳಿಸಲಿಲ್ಲ.

ಮರುವರ್ಷ ಡಿಸೆಂಬರಿನಲ್ಲಿ ಸುಭಾನಸಾಬ ಅಕ್ಕೋರ ಗಾದಿ ಬಿಚ್ಚಿ ನೋಡಿ, ತಲೆ ಅಲ್ಲಾಡಿಸಿದ.

“ಅಕ್ಕೋರ, ಈ ಸಲಾನೂ ಅತ್ತಾಗಿನ ಅರಳಿ ಹೊಸಾದಽ ಐತಿ. ನಿಮ್ಮ ಮಂದಿ ಬರಲಿಲ್ಲೇನ?”

ಅಕ್ಕೋರು ಬಸಿಗೆ ಚಹಾ ಹೊಯ್ದು ಅವನ ಮುಂದೆ ಸರಿಸಿದರು.

“ಇಲ್ಲಪಾ. ಗಜೇಂದ್ರಗಡದಿಂದ ಬರೂ ಬಸ್ಸಿನ್ಯಾಗ ಕುಂತಿರಬೇಕು, ಅದು ಯಾವಾಗಲೂ ತಡಾ. ನೀ ಅತ್ತಾಗಿಂದೂ ಚಲೋತ್ನಂಗ ಹಿಂಜು.”