ಊರ ಮಗಳಿಗೆ ಸ್ಟ್ಯಾಂಡಿನ ಬಾಡಿಗೆ

ನನ್ನ ಮೊಪೆಡ್ಡಿನ ಹಿಂದಿನ ಗಾಲಿಗೆ ಎತ್ತು ಕಟ್ಟುವ ಸರಪಳಿ ಬಿಗಿದಿದ್ದರು. ಗಾಡಿಯನ್ನು ಹಡಗಲಿ ಬಸ್‌ನಿಲ್ದಾಣದ ಪಕ್ಕದ ಖಾಸಗಿ ಸ್ಟ್ಯಾಂಡಿನಲ್ಲಿ ಬಿಟ್ಟು, ಜೀಪು ಹತ್ತಿ, ಹೊಳಲಿನ ಸುತ್ತಲ ಹಳ್ಳಿಗಳಲ್ಲಿ ಮೂರು ದಿನ ಮಕ್ಕಳಿಗೆ ಪೋಲಿಯೊ ಹನಿ ಹಾಕಿ ಬಂದಿದ್ದೆ. ಪರಊರಿನವರಿಗೆ ಬಾಡಿಗೆ ದುಪ್ಪಟ್ಟು, ಕೊಟ್ಟರೆ ಗಾಡಿ ಬಿಡುತ್ತೇನೆ ಎಂದ ಸ್ಟ್ಯಾಂಡಿನ ಕೊಟ್ರಪ್ಪ. ಹಾಗಂತ ಬೋರ್ಡಿನಲ್ಲಿ ಬರೆದಿಲ್ಲವಲ್ಲ ಎಂದು ನನ್ನ ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿದೆ.

"ಬೋರ್ಡ್ ಯಾಕ ಬೇಕ್ರಿ ಸಿಸ್ಟರ್? ನಿಮ್ಮ ಮಾತೇ ಹೇಳತೈತಿ, ನೀವು ಈ ಊರಾರಲ್ಲಂತ."

ಎರಡು ವರ್ಷದಿಂದ ಈ ಊರಿನ ಕೂಸುಗಳಿಗೆ ಸೂಜಿ ಚುಚ್ಚುತ್ತಿದ್ದವಳಿಗೆ ಆ ಮಾತು ಚೆನ್ನಾಗಿಯೇ ಚುಚ್ಚಿತು. ಹಣ ದೊಡ್ಡದಲ್ಲ. ಕೊಟ್ಟರೆ ನಾನೇ ಒಪ್ಪಿಕೊಂಡಂತೆ. ಗಾಡಿ ಅಲ್ಲೇ ಬಿಟ್ಟು ಮನೆಗೆ ನಡೆದೆ.

ಮನೆ ಅಂದರೆ ಗೌರಮ್ಮನವರ ಮನೆಯ ಪಡಸಾಲೆಯ ಪಕ್ಕದ ಕೋಣೆ. ಗಂಡ ದುಡಿಯುತ್ತಿದ್ದ ಮಂಗಳೂರು ಹಂಚಿನ ಕಾರ್ಖಾನೆ ತಿಂಗಳ ಅರ್ಧದಷ್ಟು ದಿನ ಮುಚ್ಚಿರುತ್ತಿದ್ದ ಕಾಲದಲ್ಲಿ ನನಗೆ ನರ್ಸ್ ಕೆಲಸ ಸಿಕ್ಕಿದ್ದು ಇಲ್ಲಿ. ಕುಂದಾಪುರದ ಕಡೆಯ ನನಗೆ ಮೊದಲು ಬೆದರಿಕೆ ಹುಟ್ಟಿಸಿದ್ದು ಆಕಾಶ. ತೆಂಗಿನಗರಿಯ ಅಡ್ಡವಿಲ್ಲದ ಅಷ್ಟೊಂದು ಆಕಾಶವನ್ನು ನಾನು ಕಂಡಿರಲಿಲ್ಲ. ಮಲ್ಲಿಗೆ ಮಾತ್ರ ಎರಡೂ ಕಡೆ ಇತ್ತು. ನಮ್ಮಲ್ಲಿ ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ ಚೆಂಡಿನ ಲೆಕ್ಕದಲ್ಲಿ ಕೊಡುತ್ತಾರೆ, ಇಲ್ಲಿ ಕೈ ಚಾಚಿ ಮಾರು ಹಾಕುತ್ತಾರೆ. ಗಿಡ್ಡ ಕೈಯವರ ಹತ್ತಿರ ಕೊಳ್ಳಬೇಡ ಎಂದು ಗೌರಮ್ಮ ಕಲಿಸಿದರು. ರೊಟ್ಟಿ ಬಡಿಯುವುದನ್ನೂ ಅವರೇ ಕಲಿಸಿದರು. ನನ್ನ ಮೊದಲ ರೊಟ್ಟಿಗೆ ಕರಾವಳಿಯ ನಕಾಶೆಯ ಹಾಗೆ ಅಂಚೆಲ್ಲ ಕೊಲ್ಲಿಗಳು. ಮಾತನ್ನು ಕಲಿಸಿದ್ದು ಅವರು ಮತ್ತು ಅವರ ಕಟ್ಟೆಗೆ ಬರುತ್ತಿದ್ದ ಮುದುಕಿಯರು. ಕಿವಿ ಬೇಗ ಕಲಿಯಿತು, ನಾಲಿಗೆಗೆ ನಾಚಿಕೆ.

ಕಳೆದ ನಾಗರ ಪಂಚಮಿಗೆ ಗೌರಮ್ಮ ನನಗೆ ಉಡಿ ತುಂಬಿದ್ದರು. ತವರಿಗೆ ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಬುಸದ ಕಣದ ಬಟ್ಟೆ ಹಾಕಿ ಹರಸುವುದು ಇಲ್ಲಿನ ಪದ್ಧತಿ. ಅದೊಂದು ಪ್ರೀತಿ ಎಂದಷ್ಟೇ ತಿಳಿದಿದ್ದೆ. ಸರಪಳಿಯ ಸುದ್ದಿ ಕೇಳಿದ್ದೇ ಅವರು ಚಪ್ಪಲಿ ಮೆಟ್ಟಿ ನನ್ನನ್ನು ಸ್ಟ್ಯಾಂಡಿಗೆ ಎಳೆದೊಯ್ದರು.

"ಲೇ ಕೊಟ್ರ್ಯಾ, ಈಕಿಗೆ ನಾನು ಉಡಿ ತುಂಬೀನಿ. ಊರ ಮಗಳಿಗೆ ಪರಊರಿನ ಬಾಡಿಗಿ ಹಚ್ತಿಯೇನು?"

ಗಾಡಿ ಬಿಡಿಸಿಕೊಳ್ಳಲು ನಿಂತಿದ್ದವರೆಲ್ಲ ಕಿವಿಗೊಟ್ಟರು. ಕೊಟ್ರಪ್ಪ ಸೋಲುವ ಆಸಾಮಿಯಲ್ಲ.

"ಯಮ್ಮಾ, ಉಡಿ ತುಂಬೋದು ಯಾರಿಗೆ? ಕೊಟ್ಟ ಮನಿಗೆ ಹೋಗೋ ಮಗಳಿಗೆ. ಹೋಗಾಕಿ ಅಂದ ಮ್ಯಾಲೆ ಪರಊರಾಕಿನ ಅಲ್ಲೇನು?"

ಗೌರಮ್ಮ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ನನಗೆ ಶಾಂತಾಳ ನೆನಪಾಯಿತು. ಶಾಂತಾ ಕೊಟ್ರಪ್ಪನ ಮಗಳು, ಹರಪನಹಳ್ಳಿಗೆ ಕೊಟ್ಟವಳು. ಬಾಣಂತನಕ್ಕೆ ಬಂದಾಗ ಅವಳ ಕೂಸಿಗೆ ಮೊದಲ ಸೂಜಿ ಹಾಕಿದ್ದು ನಾನೇ. ನಾಚಿಕೆ ಎಲ್ಲಿ ಹೋಯಿತೋ, ಎರಡು ವರ್ಷ ಕಟ್ಟೆಯಲ್ಲಿ ಕೇಳಿದ ಮಾತು ತಾನಾಗಿ ನಾಲಿಗೆಗೆ ಬಂತು.

"ಅಣ್ಣಾ, ಶಾಂತಾ ಹರಪನಹಳ್ಳಿಂದ ಗಾಡಿ ತಗೊಂಡು ಬಂದ್ರ ಆಕಿಗೆ ಎಷ್ಟು ಹಚ್ತೀರಿ?"

ಕೊಟ್ರಪ್ಪ ನನ್ನನ್ನು ನೋಡಿದ, ಗೌರಮ್ಮನವರನ್ನು ನೋಡಿದ. ಸೊಂಟದಿಂದ ಕೀಲಿಕೈ ತೆಗೆದು ಗಾಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತ.

"ಈ ಮಾತು ಮೊದಲ ಹಿಂಗ ಕೇಳಿದ್ರ ಸರಪಳಿ ಯಾಕ ಹಾಕ್ತಿದ್ದೆ," ಎಂದು ಗೊಣಗಿದ. ಊರಿನವರ ಬಾಡಿಗೆ ಎಷ್ಟೋ ಅಷ್ಟನ್ನೇ ಎಣಿಸಿ ಕೊಟ್ಟೆ. ಅಷ್ಟು ಸಂತೋಷದಿಂದ ನಾನು ಯಾವ ಬಾಡಿಗೆಯನ್ನೂ ಕೊಟ್ಟಿಲ್ಲ. ಮರುದಿನ ಬೆಳಗ್ಗೆ ಅದೇ ಗಾಡಿಯಲ್ಲಿ ತುಂಬು ಬಸುರಿಯೊಬ್ಬಳನ್ನು ನೋಡಲು ಹೋದೆ.

ಆ ಬೇಸಿಗೆಯಲ್ಲಿ ರಜೆ ಹಾಕಿ ಕುಂದಾಪುರದ ಕಡೆಯ ನನ್ನ ಊರಿಗೆ ಹೋದಾಗ ತಮ್ಮನ ಸ್ಕೂಟರ್ ತೆಗೆದುಕೊಂಡು ಪೇಟೆಗೆ ಹೊರಟೆ. ಬಸ್‌ಸ್ಟ್ಯಾಂಡಿನ ಬಳಿ ಗಾಡಿ ನಿಲ್ಲಿಸಿ, "ಬಾಡಿಗಿ ಎಷ್ಟೈತಿ?" ಎಂದು ಕೇಳಿಯೇಬಿಟ್ಟೆ. ಚೀಟಿ ಹರಿಯುತ್ತಿದ್ದ ಮುದುಕ ಕನ್ನಡಕ ಏರಿಸಿದ.

"ಯಾವ್ ಊರಾಯ್ತಮ್ಮ ನಿಮ್ದ್?"

ಅಲ್ಲಿಂದ ಕೂಗಳತೆಯಲ್ಲಿ ನಾನು ಓದಿದ ಶಾಲೆ. ಹೇಳಬಹುದಿತ್ತು. ಹಡಗಲಿ ಎಂದೆ. ಅವನು ಹೇಳಿದಷ್ಟು ಕೊಟ್ಟೆ. ಹೆಚ್ಚೋ ಕಡಿಮೆಯೋ, ಅಲ್ಲಿ ಮಾತ್ರ ತಕರಾರು ಮಾಡಲಿಲ್ಲ.