ಎಲ್ಲ ಬಾಲೂ ನಾಲ್ಕನೇ ಜಾಗಕ್ಕೆ

ಆ ಚಳಿಗಾಲ ನಮ್ಮ ತಂಡಕ್ಕೆ ಬಾಲನ್ನು ಎದುರಾಳಿಗಳ ನೆಲಕ್ಕೆ ಹಾಕಲು ಆಗುತ್ತಲೇ ಇರಲಿಲ್ಲ. ಸರ್ವಿಸ್ ಚೆನ್ನಾಗಿತ್ತು. ಹಿಂದೆ ನಿಂತವರು ಬಿದ್ದು ಎದ್ದು ಮೊಣಕೈ ತರಚಿಕೊಂಡು ಬಾಲು ಎತ್ತುತ್ತಿದ್ದರು. ಮುಂದಿನ ಸಾಲಿಗೆ ಬಂದದ್ದೇ ಎಲ್ಲ ಕೆಡುತ್ತಿತ್ತು. ನಾನು ಮೈಯೆಲ್ಲ ಬಲ ಕೂಡಿಸಿ ಹೊಡೆದ ಸ್ಮ್ಯಾಶ್, ನೆಟ್ಟಿನ ಆಚೆ ಮೇಲೆದ್ದ ನಾಲ್ಕು ಕೈಗಳಿಗೆ ಬಡಿದು ನನ್ನ ಕಾಲಬುಡಕ್ಕೇ ವಾಪಸು ಬೀಳುತ್ತಿತ್ತು. ನಾಲ್ಕು ಶುಕ್ರವಾರ ಹೀಗೇ ಹೋಯಿತು. ಕಾರಣ ಯಾರು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ: ನಮ್ಮ ಹೊಸ ಲಿಫ್ಟರ್.

ವಾಲಿಬಾಲ್ ಆಡದವರಿಗಾಗಿ ಹೇಳುತ್ತೇನೆ. ಲಿಫ್ಟರ್ ಎಂದರೆ ಎರಡನೆಯ ಬಾಲು ಮುಟ್ಟುವವನು. ಹಿಂದಿನವರು ಎತ್ತಿ ಕೊಟ್ಟದ್ದನ್ನು ಬೆರಳ ತುದಿಯಿಂದ ಮೇಲಕ್ಕೆ ತಳ್ಳಿ, ಹಾರಿ ಹೊಡೆಯುವವನಿಗೆ ಒದಗಿಸಬೇಕು. ಎಡಕ್ಕೋ, ನಡುವಿಗೋ, ಬಲಕ್ಕೋ ಎಂದು ಆ ಒಂದು ಕ್ಷಣದಲ್ಲಿ ತೀರ್ಮಾನ ಮಾಡುವವನು ಅವನೊಬ್ಬನೇ. ಪಾಯಿಂಟ್ ಬಂದರೆ ಸ್ಮ್ಯಾಶ್ ಹೊಡೆದವನಿಗೆ ಚಪ್ಪಾಳೆ, ಬರದಿದ್ದರೆ ಲಿಫ್ಟರನಿಗೆ ಬೈಗುಳ. ನಮ್ಮ ಟೂರ್ನಮೆಂಟಿನಲ್ಲಿ ಆಟಗಾರರು ಜಾಗ ಬದಲಾಯಿಸುವ ನಿಯಮ ಇರಲಿಲ್ಲ, ನಿಂತವನು ನಿಂತಲ್ಲೇ. ನನ್ನದು ನೆಟ್ಟಿನ ಎಡತುದಿಯ ನಾಲ್ಕನೇ ಜಾಗ. ಹದಿನೈದು ವರ್ಷಗಳಿಂದ ಅದು ನನ್ನದೇ. ಆಗ ನನಗೆ ನಲವತ್ತೇಳು ವರ್ಷ, ಬಲಮಂಡಿಗೆ ಬೆಲ್ಟು.

ವಾರದ ಉಳಿದ ದಿನ ನಾನು ಕೊಲ್ಲಿ ದೇಶದ ಈ ಸಿತ್ರಾದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಕಬ್ಬಿಣದ ಪೈಪು ಕತ್ತರಿಸುವುದು, ಜೋಡಿಸುವುದು, ರಿಫೈನರಿಗೆ ಕಳಿಸುವುದು. ಅದಕ್ಕೆ ಎರಡು ವರ್ಷದ ಹಿಂದೆ ಹೆಲ್ಪರುಗಳು ಬೇಕೆಂದು ಆಫೀಸಿನಲ್ಲಿ ಹೇಳಿದಾಗ ನಾನು ರಜೆಯಲ್ಲಿ ಊರಿಗೆ ಹೋಗಿ ಹುಡುಕಿದ್ದು ಹೆಲ್ಪರನನ್ನಲ್ಲ, ಲಿಫ್ಟರನನ್ನು. ನಮ್ಮ ಹಳೆಯ ಲಿಫ್ಟರನ ಬೆನ್ನು ಕೈಕೊಡುತ್ತಿತ್ತು. ಕಾಪು ಕಡೆಯ ಒಂದು ಶಾಲಾ ಮೈದಾನದಲ್ಲಿ ಈ ಹುಡುಗ ಆಡುವುದನ್ನು ಕಂಡೆ. ಟೈಲ್ಸ್ ಅಂಗಡಿಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ, ವಯಸ್ಸು ಇಪ್ಪತ್ತೊಂದು. ಪೈಪಿನ ಕೆಲಸ ಗೊತ್ತುಂಟಾ ಎಂದು ನಾನು ಕೇಳಲೇ ಇಲ್ಲ. ವೀಸಾ ಮಾಡಿಸಿ ಕರೆತಂದೆ.

ನಮ್ಮಲ್ಲಿ ವೀಸಾ ಕೊಟ್ಟವನು ಜೀವಮಾನಕ್ಕೆ ಅಣ್ಣ. ಅವನು ಮೆಸ್ಸಿಗೆ ಬಂದರೆ ಏಳುವುದು, ಅವನ ಮಾತಿಗೆ ಎದುರು ಹೇಳದಿರುವುದು, ಊರಿಗೆ ಹೋಗುವಾಗ ಅವನ ಮನೆಗೆ ಮುಟ್ಟಿಸುವ ಸಾಮಾನಿಗಾಗಿ ಸ್ವಂತ ಲಗೇಜು ಬಿಟ್ಟು ಹೋಗುವುದು, ಇದನ್ನೆಲ್ಲ ಯಾರೂ ಕಲಿಸಬೇಕಾಗಿಲ್ಲ. ಈ ಹುಡುಗನಂತೂ ಇದರಲ್ಲಿ ಒಂದು ಕೈ ಮೇಲೆ. ನಾನು ಬಾರದೆ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ಅದು ನನಗೆ ಬಹಳ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ಚಳಿಗಾಲ ಅವನು ಸೈಡಿನಲ್ಲಿ ಕೂತು ನೋಡಿದ. ಎರಡನೆಯದಕ್ಕೆ ಹಳೆಯ ಲಿಫ್ಟರ್ ಆಟ ನಿಲ್ಲಿಸಿದ, ಇವನು ಬಂದ. ಆಗಲೇ ಸೋಲು ಶುರುವಾದದ್ದು.

ಪ್ರತಿ ಮ್ಯಾಚನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಸುತ್ತಿದ್ದೆ. ಮನೆಯಲ್ಲಿ ಹೆಂಡತಿಗೆ ಟಿ.ವಿ. ಹಾಕಲೂ ಬಿಡದೆ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಬಾಲು ಅರ್ಧ ಅಡಿ ತಗ್ಗು. ಬಾಲು ನೆಟ್ಟಿಗೆ ತೀರ ಹತ್ತಿರ. ಎಡಗಾಲು ಮೊದಲು ಊರುವುದಿಲ್ಲ. ಮೊಣಕೈ ಅಗಲ. ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಮಾರನೆಯ ದಿನ ವರ್ಕ್‌ಶಾಪಿನ ಊಟದ ಬಿಡುವಿನಲ್ಲಿ ಅವನನ್ನು ಎದುರು ಕೂರಿಸಿಕೊಂಡು ಫೋನು ಮುಖಕ್ಕೆ ಹಿಡಿಯುತ್ತಿದ್ದೆ.

"ಎಂತ ಮಾರಾಯ ಇದು? ನಿನ್ನ ಕಣ್ಣು ಎಲ್ಲಿ ಉಂಟು?"

"ಇಲ್ಲ ಅಣ್ಣ, ಇನ್ನು ಸರಿ ಮಾಡ್ತೇನೆ."

"ಹೋದ ವಾರವೂ ಇದನ್ನೇ ಹೇಳಿದ್ದಲ್ವಾ ನೀನು? ವೀಸಾ ಕೊಟ್ಟು ಕರ್ಕೊಂಡು ಬಂದದ್ದು ಇದಕ್ಕಾ?"

ಸುತ್ತ ಬಿಹಾರದವರು, ಆಂಧ್ರದವರು ಊಟ ಮಾಡುತ್ತಿದ್ದರು. ಭಾಷೆ ತಿಳಿಯದಿದ್ದರೂ ಬೈಗುಳ ಯಾರಿಗೆ ತಿಳಿಯುವುದಿಲ್ಲ? ಹುಡುಗ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಕೆಲಸ ಮುಗಿದ ಮೇಲೆ ಗೋಡೆಗೆ ಇನ್ನೂರು ಲಿಫ್ಟ್ ಮಾಡಬೇಕೆಂದು ಹೇಳಿದೆ. ಹತ್ತು ತಾಸು ಗ್ರೈಂಡರ್ ಹಿಡಿದ ಕೈಯಲ್ಲಿ ಅದನ್ನೂ ಮಾಡಿದ. ಮುಂದಿನ ಶುಕ್ರವಾರ ನನ್ನ ಸ್ಮ್ಯಾಶ್ ಮತ್ತೆ ಅದೇ ಕೈಗಳಿಗೆ ಬಡಿಯಿತು.

ನನ್ನ ಮಗಳಿಗೆ ಆಗ ಹದಿನಾಲ್ಕು. ಶಾಲೆಯ ತಂಡದಲ್ಲಿ ಆಡುತ್ತಾಳೆ, ಮಾತಿನಲ್ಲಿ ಕನ್ನಡಕ್ಕಿಂತ ಇಂಗ್ಲಿಷೇ ಹೆಚ್ಚು. ಒಂದು ಸಂಜೆ ಸೋಫಾದ ಹಿಂದೆ ನಿಂತು ನನ್ನ ಜೊತೆ ವಿಡಿಯೋ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಕೈ ಚಾಚಿ ಫೋನು ನಿಲ್ಲಿಸಿದಳು.

"ಪಪ್ಪಾ, ಇಲ್ಲಿ ನೋಡಿ. ಮಿಡ್ಲಲ್ಲಿ ಯಾರೂ ಇಲ್ಲ, ಫುಲ್ ಓಪನ್. ಇಬ್ರು ಬ್ಲಾಕರ್ಸ್ ಕೂಡ ನಿಮ್ಮ ಮುಂದೆಯೇ ಇದ್ದಾರೆ. ಬಾಲ್ ಬರುವ ಮೊದ್ಲೇ ಬಂದು ನಿಂತಿದ್ದಾರೆ."

"ಅವನ ಲಿಫ್ಟ್ ಸರಿ ಇಲ್ಲ, ಅದಕ್ಕೆ."

"ಲಿಫ್ಟ್ ಪರ್ಫೆಕ್ಟ್ ಉಂಟು ಪಪ್ಪಾ. ಬಟ್ ಎವ್ರಿ ಬಾಲ್ ನಿಮ್ಗೇ ಕೊಡ್ತಾರೆ. ಎಲ್ರಿಗೂ ಗೊತ್ತು, ನಿಮ್ಗೇ ಬರ್ತದೆ ಅಂತ."

"ಅವನಿಗೆ ಬುದ್ಧಿ ಇಲ್ಲ."

"ನೋ. ಹೀ ಈಸ್ ಸ್ಕೇರ್ಡ್ ಆಫ್ ಯೂ."

ಓದಲಿಕ್ಕಿಲ್ಲವಾ ನಿನಗೆ ಎಂದು ಗದರಿಸಿ ಅವಳನ್ನು ಒಳಗೆ ಕಳಿಸಿದೆ. ಆಮೇಲೆ ಒಬ್ಬನೇ ಕೂತು ಮೊದಲಿನಿಂದ ನೋಡಿದೆ. ಈ ಸಲ ಅವನ ಮೊಣಕೈ ನೋಡಲಿಲ್ಲ, ಮುಖ ನೋಡಿದೆ. ಬಾಲು ಅವನ ಬೆರಳಿಗೆ ಬರುವ ಮೊದಲು ಪ್ರತಿ ಸಲವೂ ಒಮ್ಮೆ ನನ್ನ ಕಡೆ ನೋಡುತ್ತಿದ್ದ. ನಡುವೆ ನಮ್ಮ ಮಿಡ್ಲ್‌ನವನು, ಹಿದ್ ಬಂದರಿನಲ್ಲಿ ಕ್ರೇನ್ ಓಡಿಸುವ ಉದ್ದನೆಯ ಆಳು, ಕೈ ಎತ್ತಿ ಹಾರಿ ಹಾರಿ ಬರಿಗೈಯಲ್ಲಿ ಇಳಿಯುತ್ತಿದ್ದ. ಇಷ್ಟು ವಾರ ಅದೇ ವಿಡಿಯೋದಲ್ಲಿ ಅವನಿದ್ದ, ನಾನು ಕಂಡಿರಲಿಲ್ಲ. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ದೊಡ್ಡತನ ಮಾಡಿಕೊಳ್ಳುವ ಕಲೆ ನನಗೆ ಚೆನ್ನಾಗಿ ಗೊತ್ತು.

ತಂಡಗಳೇ ಕಡಿಮೆ ಇದ್ದದ್ದರಿಂದ ಇಷ್ಟು ಸೋತೂ ಸೆಮಿಫೈನಲಿಗೆ ಬಂದಿದ್ದೆವು. ಮಾರನೆಯ ದಿನ ಅವನನ್ನು ಕರೆದು ಹೇಳಿದೆ. "ನೋಡು, ಸೆಮಿಫೈನಲಲ್ಲಿ ಯಾರಿಗೆ ಬೇಕೋ ಅವರಿಗೆ ಕೊಡು. ನನ್ನನ್ನು ನೋಡ್ಬೇಡ."

"ಖಂಡಿತವಾ ಅಣ್ಣ?"

"ನಾನೇ ಹೇಳ್ತಾ ಇದ್ದೇನಲ್ಲ ಮಾರಾಯ."

ಬುದಯ್ಯದಲ್ಲಿ ತೋಟದ ಪಕ್ಕ ಕಾಂಪೌಂಡು ಹಾಕಿದ ಮೈದಾನ. ಸೆಮಿಫೈನಲ್ ದಿನ ಹೆಂಗಸರು ಮಕ್ಕಳೆಲ್ಲ ಚಾಪೆ ಹಾಸಿ ಕೂತಿದ್ದರು. ಮೊದಲ ಐದಾರು ಬಾಲು ಹುಡುಗ ಅಂಜಿ ಅಂಜಿ ನನಗೇ ಕೊಟ್ಟ. ಆಮೇಲೆ ಒಂದು ಬಾಲು ನಡುವಿಗೆ ಕೊಟ್ಟ, ಕ್ರೇನಿನವನು ಅದನ್ನು ನೆಲಕ್ಕೆ ಹೊಡೆದು ಕೂಗಿದ ಕೂಗು ತೋಟದಾಚೆಗೂ ಕೇಳಿರಬೇಕು. ಅಲ್ಲಿಂದ ಹುಡುಗನೇ ಬೇರೆ. ನನ್ನ ಕಡೆ ತಿರುಗಿ ನಿಂತು ಬಾಲನ್ನು ತಲೆಯ ಹಿಂದಿನಿಂದ ಬಲಕ್ಕೆ ಹಾಕಿದ. ನಾನು ಹಾರಿದೆ, ನನ್ನ ಜೊತೆ ಎದುರಿನ ಇಬ್ಬರೂ ಹಾರಿದರು, ಬಾಲು ಇನ್ನೆಲ್ಲೋ ಬಿತ್ತು. ಅವರಿಗಷ್ಟೇ ಅಲ್ಲ, ನನಗೂ ಅವನು ಮೋಸ ಮಾಡುತ್ತಿದ್ದ. ಅಷ್ಟು ಚಂದದ ಆಟ ನಮ್ಮ ತಂಡ ಎಂದೂ ಆಡಿರಲಿಲ್ಲ.

ಮೂರನೆಯ ಸೆಟ್ಟಿನಲ್ಲಿ ಹದಿಮೂರು ಹದಿಮೂರು ಆದಾಗ ನಾನು ಕೂಗಿ ಬಾಲು ಕೇಳಿದೆ. ಅವನಿಗೆ ಕೇಳಿಸಿತು. ಕೇಳಿಸಿಯೂ ನಡುವಿಗೆ ಕೊಟ್ಟ. ಮತ್ತೊಮ್ಮೆ ಕೂಗಿದೆ, ಮತ್ತೊಮ್ಮೆ ನಡುವಿಗೆ ಕೊಟ್ಟ. ಗೆದ್ದೆವು. ಎಲ್ಲರೂ ಓಡಿ ಬಂದು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಕ್ರೇನಿನವನು ನನ್ನ ಬೆನ್ನು ತಟ್ಟಿ ತಮಾಷೆಗೆ ಹೇಳಿದ, "ಅಣ್ಣ, ಇನ್ನು ನೀವು ಹಾರುದು ಸುಮ್ನೆ ತೋರ್ಸ್ಲಿಕ್ಕೆ ಮಾತ್ರ." ಎಲ್ಲರ ಜೊತೆ ನಾನೂ ನಕ್ಕೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಎಂಜಿನಿಯರ್ ನನ್ನನ್ನು ಆಫೀಸಿಗೆ ಕರೆದರು. ಕೆಲಸ ಕಡಿಮೆಯಾಗಿದೆ, ಈ ತಿಂಗಳು ಕಾಂಟ್ರಾಕ್ಟ್ ಮುಗಿಯುವ ಮೂವರು ಹೆಲ್ಪರುಗಳಲ್ಲಿ ಒಬ್ಬನನ್ನು ಮುಂದುವರಿಸಲು ಆಗುವುದಿಲ್ಲ, ಯಾರೆಂದು ನೀನೇ ಹೇಳು ಎಂದರು. ಮೂವರಲ್ಲಿ ಹುಡುಗನೂ ಒಬ್ಬ. ಎರಡು ವರ್ಷದಲ್ಲಿ ಅವನು ಕೆಲಸ ಕಲಿತಿದ್ದ. ಪೈಪಿನ ಅಂಚು ಅವನಷ್ಟು ನಯವಾಗಿ ತೆಗೆಯುವವರು ಆ ಮೂವರಲ್ಲಿ ಬೇರೆ ಇರಲಿಲ್ಲ. ಅವನ ತಂಗಿ ಊರಿನಲ್ಲಿ ಇವನ ದುಡಿಮೆಯಿಂದ ನರ್ಸಿಂಗ್ ಓದುತ್ತಿದ್ದಳು. ಇದೆಲ್ಲ ಗೊತ್ತಿದ್ದೇ ನಾನು ಅವನ ಹೆಸರು ಹೇಳಿದೆ.

ಎಂಜಿನಿಯರಿಗೆ ಆಶ್ಚರ್ಯವಾಯಿತು. ನಿಮ್ಮ ಊರಿನವನಲ್ಲವೇ ಎಂದರು. ಅದಕ್ಕೇ ಸರ್, ನನ್ನವರಿಗೆ ನಾನು ಪಕ್ಷಪಾತ ಮಾಡುತ್ತೇನೆ ಎಂಬ ಮಾತು ಬರಬಾರದು, ಅವನು ಇನ್ನೂ ಕೆಲಸ ಸರಿಯಾಗಿ ಕಲಿತಿಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಹೊರಗೆ ಬಂದು ಚಹಾ ಕುಡಿದೆ. ನ್ಯಾಯ ಮಾಡಿದೆ ಎಂದೇ ಆ ಹೊತ್ತಿಗೆ ಅನಿಸಿತ್ತು. ಮರುದಿನ ಬೆಳಿಗ್ಗೆ ಹಾಗೆ ಅನಿಸಲಿಲ್ಲ. ಆದರೂ ಖಲ್ಲಿವಲ್ಲಿ, ಹೋಗಲಿ ಬಿಡು ಎಂದು ಇಲ್ಲಿ ಎಲ್ಲರೂ ಹೇಳುವ ಮಾತನ್ನು ನನಗೇ ಹೇಳಿಕೊಂಡೆ.

ಬುಧವಾರ ಅವನಿಗೆ ಕಾಗದ ಬಂತು. ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬಂದು ನಿಂತ. ಕೂರು ಎಂದೆ, ಕೂರಲಿಲ್ಲ.

"ಅಣ್ಣ, ಆಫೀಸಲ್ಲಿ ನನ್ನ ಹೆಸ್ರು ಕೊಟ್ಟಿದ್ದಾರೆ. ನೀವೊಮ್ಮೆ ಮಾತಾಡಿದ್ರೆ ಆಗ್ತದೆ ಅಂತ ಎಲ್ರೂ ಹೇಳ್ತಾರೆ."

"ನೋಡುವ," ಎಂದೆ.

ಅವನು ಹೋಗಲಿಲ್ಲ. ಕೈಗವಸನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿದ. ನನ್ನ ಮುಖ ನೋಡದೆ ಹೇಳಿದ.

"ನಾಡಿದ್ದು ಫೈನಲಲ್ಲಿ ಬಾಲ್ ಎಲ್ಲ ನಿಮ್ಗೇ ಕೊಡ್ತೇನೆ ಅಣ್ಣ."

ಹೆಸರು ಕೊಟ್ಟದ್ದು ನಾನೆಂದು ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಛೆ, ಅದಕ್ಕೂ ಇದಕ್ಕೂ ಎಂತ ಸಂಬಂಧ ಎಂದು ನಾನು ಬೈಯಬೇಕಿತ್ತು. ಹಾಗೆಲ್ಲ ಮಾಡಬೇಡ, ನಿನ್ನ ಆಟ ನೀನು ಆಡು ಎಂದಾದರೂ ಹೇಳಬೇಕಿತ್ತು. "ಕೆಲಸ ನೋಡು ಹೋಗು" ಎಂದೆ. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ಒಪ್ಪಿಗೆಯೇ ಆಗಿತ್ತು ಕೂಡ.

ಫೈನಲಿನಲ್ಲಿ ಎದುರು ಮನಾಮದ ಹೋಟೆಲ್ ಕೆಲಸಗಾರರ ತಂಡ. ಹುಡುಗ ಹೇಳಿದ ಹಾಗೇ ಮಾಡಿದ. ಅರ್ಧ ಅಡಿ ತಗ್ಗಿಲ್ಲ, ನೆಟ್ಟಿಗೆ ಹತ್ತಿರವಿಲ್ಲ, ಎಡಗಾಲು ಮೊದಲು, ಮೊಣಕೈ ಒಳಗೆ. ನಾನು ಪುಸ್ತಕದಲ್ಲಿ ಬರೆದದ್ದೆಲ್ಲ ಆ ದಿನ ಅವನ ಕೈಯಲ್ಲಿತ್ತು. ಎಲ್ಲ ಬಾಲೂ ನಾಲ್ಕನೇ ಜಾಗಕ್ಕೆ. ಎದುರಿನ ಇಬ್ಬರು ಹತ್ತು ಬಾಲಿನೊಳಗೆ ಅರ್ಥ ಮಾಡಿಕೊಂಡು, ಆಮೇಲೆ ಲಿಫ್ಟರನ ಕಡೆ ನೋಡುವುದನ್ನೇ ಬಿಟ್ಟು ನನ್ನ ಮುಂದೆ ಬಂದು ಕಾದು ನಿಂತರು. ಕ್ರೇನಿನವನು ನಡುವೆ ನಿಂತು ಗಂಟಲು ಹರಿಯುವಂತೆ ಬಾಲು ಕೇಳುತ್ತಿದ್ದ. ಹುಡುಗ ಅವನ ಕಡೆ ತಿರುಗಲೂ ಇಲ್ಲ. ನಡುವೆ ಖಾಲಿ ಬಿದ್ದದ್ದು ನನಗೂ ಕಾಣುತ್ತಿತ್ತು. ಅಲ್ಲಿಗೆ ಕೊಡು ಎಂದು ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ಹಾರಿದೆ, ಹೊಡೆದೆ, ಬಾಲು ವಾಪಸು ಬಂತು. ಮತ್ತೆ ಹಾರಿದೆ. ಎರಡೇ ಸೆಟ್ಟಿನಲ್ಲಿ ಮುಗಿಯಿತು.

ವ್ಯಾನಿನಲ್ಲಿ ವಾಪಸು ಬರುವಾಗ ಹುಡುಗ ಕೊನೆಯ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಿದ್ದ. ಅರ್ಧ ದಾರಿಗೆ ಬಂದಾಗ ಕ್ರೇನಿನವನು ತಡೆಯಲಾರದೆ ಕೇಳಿದ.

"ಎಂತ ಆಯ್ತು ಅಣ್ಣ ಅವನಿಗೆ? ಹೋದ ವಾರ ಎಷ್ಟು ಲಾಯ್ಕ ಆಡಿದ. ಇವತ್ತು ಒಂದು ಬಾಲೂ ನನಗೆ ಕೊಡ್ಲಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ತಂಡದಲ್ಲಿ ಹಿರಿಯ ನಾನು, ಆಟದ ತಪ್ಪು ಒಪ್ಪು ಹೇಳುವವನು ನಾನೇ.

"ಇನ್ನೂ ಕಲೀಲಿಕ್ಕುಂಟು ಅವನಿಗೆ," ಎಂದೆ.

ಹಿಂದಿನ ಸೀಟಿನಿಂದ "ಹೌದು ಅಣ್ಣ" ಎಂದು ಕೇಳಿಸಿತು.

ಅವನ ಟಿಕೆಟು ಮುಂದಿನ ಗುರುವಾರಕ್ಕೆ ಇತ್ತು. ಆಫೀಸಿಗೆ ಹೋಗಿ ನಾನು ಹೇಳಿದ್ದು ಸುಳ್ಳು, ಅವನು ಒಳ್ಳೆಯ ಕೆಲಸಗಾರ ಎನ್ನಲು ನನಗೆ ನಾಲ್ಕು ಪೂರ್ತಿ ದಿನ ಇತ್ತು. ಆಫೀಸಿನ ಶನಿವಾರದ ರಜೆ ಕಳೆದು ಭಾನುವಾರದಿಂದ ಬುಧವಾರದ ತನಕ ಆ ಬಾಗಿಲಿನ ಮುಂದೆಯೇ ದಿನಕ್ಕೆ ಹತ್ತು ಸಲ ಓಡಾಡಿದೆ. ಫೈನಲಿನಲ್ಲಿ ಗೆದ್ದಿದ್ದರೆ ಬಹುಶಃ ಒಳಗೆ ಹೋಗುತ್ತಿದ್ದೆ.