ಕೆರೆಯಂಗಳದ ಜಾಡು

ನಮ್ಮ ಮಾವನವರ ಮುಖಕ್ಕಿಂತ ಗದ್ದದ ಕೆಳಗಿನ ಕತ್ತು ಕಪ್ಪಗಿತ್ತು. ಬೇರೆಯವರಿಗೆ ಬಿಸಿಲು ಹಣೆಗೆ, ಮೂಗಿಗೆ ಬಡಿದರೆ ಇವರಿಗೆ ಗಂಟಲಿಗೆ ಬಡಿದಿತ್ತು. ಕ್ಷೌರದವನು ಗದ್ದ ಎತ್ತಿ ಹಿಡಿದಾಗಲೆಲ್ಲ, "ಇದೇನ್ ಯಜಮಾನ್ರೇ, ಕತ್ತಿಗೆ ಮಸಿ ಬಳ್ಕಂಡಿದ್ದೀರಾ?" ಎಂದು ನಗುತ್ತಿದ್ದನಂತೆ. ಮಸಿಯಲ್ಲ, ಆಕಾಶ ನೋಡಿ ನೋಡಿ ಆದ ಗುರುತು ಅದು.

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಹೈಸ್ಕೂಲಿನ ಗ್ರೂಪ್ ಫೋಟೋ, ಇವೆಲ್ಲ ಹೊಟ್ಟೆಪಾಡಿಗೆ. ಜೀವ ಇದ್ದದ್ದು ಮಾತ್ರ ವಿಮಾನಗಳಲ್ಲಿ, ಅದರಲ್ಲೂ ಯುದ್ಧಕಾಲದ ಹಳೆಯ ಮಿಲಿಟರಿ ವಿಮಾನಗಳಲ್ಲಿ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮುಖ ತಿರುಗಿಸಿ, "ಅಳ್ಳಾಡ್‌ಬ್ಯಾಡಿ" ಎಂದು ಹೇಳಿ ಕರಿಬಟ್ಟೆಯೊಳಗೆ ತಲೆ ತೂರಿಸಿದವರು, ಮೇಲೆಲ್ಲೋ ಗುಂಯ್ ಎಂದರೆ ಸಾಕು, ಬಟ್ಟೆ ಕೊಡವಿ ಎದ್ದು ಸಣ್ಣ ಕ್ಯಾಮೆರಾ ಹಿಡಿದು ಬೀದಿಗೆ ಓಡುತ್ತಿದ್ದರು. ಗಿರಾಕಿ ಪಾಪ ಉಸಿರು ಬಿಗಿಹಿಡಿದು ಕೂತೇ ಇರುತ್ತಿದ್ದ. ಅರಕಲಗೂಡಿನ ಒಂದು ಮದುವೆಯಲ್ಲಿ ಗಂಡು ಹೆಣ್ಣು ಹಾರ ಬದಲಾಯಿಸುವ ಹೊತ್ತಿಗೆ ಸರಿಯಾಗಿ ಹೀಗೆ ಎದ್ದು ಹೋದರಂತೆ. ವಾಪಸು ಬಂದು ಏನೂ ಆಗದವರಂತೆ, "ಇನ್ನೊಂದ್ ಸಲ ಆಕ್ಕಳ್ಳಿ" ಅಂದರಂತೆ. ಹೆಣ್ಣಿನ ತಂದೆ ಕೆಂಡವಾದರು, ಗಂಡು ಮಾತ್ರ ಸಂತೋಷದಿಂದಲೇ ಇನ್ನೊಂದು ಸಲ ಹಾಕಿದನಂತೆ.

ಇಷ್ಟೆಲ್ಲ ಮಾಡಿ ಸಿಗುತ್ತಿದ್ದದ್ದೇನು? ಬಿಳಿ ಆಕಾಶ, ನಡುವೆ ಒಂದು ಚುಕ್ಕಿ. ನಮ್ಮತ್ತೆ ಅವನ್ನು "ಸೊಳ್ಳೆ ಫೋಟ" ಎನ್ನುತ್ತಿದ್ದರು. "ಮನೇಲಿ ಇರೋವು ಸಾಲ್ದು ಅಂತ ಆಕಾಶದ್ದೂ ಇಡ್ಕಂಡ್ ಬತ್ತಾರೆ," ಎಂದು ಬೈಯುತ್ತಲೇ ಒಂದೊಂದನ್ನೂ ಒರೆಸಿ ಟ್ರಂಕಿನಲ್ಲಿ ಇಡುತ್ತಿದ್ದವರೂ ಅವರೇ.

ನಾನು ಸೊಸೆಯಾಗಿ ಆ ಮನೆಗೆ ಬಂದದ್ದು ಐವತ್ತರ ದಶಕದಲ್ಲಿ. ಹೊಸಿಲ ಮೇಲೆ ಸೇರಿನ ತುಂಬ ಅಕ್ಕಿ, ಸುತ್ತ ಮುತ್ತೈದೆಯರು. ಬಲಗಾಲು ಎತ್ತಿದ್ದೆ, ಇನ್ನೂ ಸೇರಿಗೆ ತಾಕಿಸಿರಲಿಲ್ಲ, ಮೇಲೆ ಸದ್ದಾಯಿತು. ಒಳಗಿದ್ದ ಮಾವ ನನ್ನನ್ನು ದಾಟಿಕೊಂಡು ಬೀದಿಗೆ ಓಡಿ, ಅಲ್ಲಿಂದಲೇ ಕೂಗಿದರು: "ಬಾರವ್ವ ಆಚೆಗೆ! ಅಕ್ಕಿ ಎಲ್ಲೂ ಓಗಲ್ಲ, ಇದು ಓಯ್ತದೆ!"

ನಾನು ಹೋಗಿಬಿಟ್ಟೆ. ಧಾರೆ ಸೀರೆಯಲ್ಲಿ, ಬಾಸಿಂಗದ ದಾರ ಇನ್ನೂ ಹಣೆಗೆ ಒತ್ತುತ್ತಿರುವಾಗ, ನಡುಬೀದಿಯಲ್ಲಿ ನಿಂತು ವಿಮಾನ ನೋಡಿದೆ. "ಬಂದ ಗಳಿಗೇಲೇ ಕೆಡಿಸ್ಬುಟ್ರಲ್ಲಾ ಹೆಣ್ಣ!" ಎಂದು ಒಳಗಿನಿಂದ ಅತ್ತೆಯ ದನಿ. ತಲೆ ತಗ್ಗಿಸಿ ನಡೆ ಎಂದು ಹೇಳಿಸಿಕೊಂಡೇ ಬೆಳೆದವಳು ನಾನು. ತಲೆ ಎತ್ತು ಎಂದ ಮೊದಲ ಮನುಷ್ಯ ಅವರು. ಆ ಋಣ ದೊಡ್ಡದು.

ಅಂದಿನಿಂದ ನಾವಿಬ್ಬರೂ ಒಂದು ಪಕ್ಷ. ಮಧ್ಯಾಹ್ನ ಕೆಲಸ ಮುಗಿಸಿ ಕತ್ತಲೆ ಕೋಣೆಯಲ್ಲಿ ಅವರು ಫೋಟೋ ತೊಳೆಯುವಾಗ ನಾನು ಮದ್ದಿನ ನೀರಿನ ತಟ್ಟೆ ಅಲ್ಲಾಡಿಸುತ್ತಿದ್ದೆ. ಈ ಹುಚ್ಚು ಹತ್ತಿದ್ದು ಹೇಗೆ ಎಂದು ಅಲ್ಲೇ ಒಂದು ದಿನ ಕೇಳಿದೆ. ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ, ಪೆಟ್ಟು ತಿಂದ ವಿಮಾನಗಳನ್ನು ರಿಪೇರಿ ಮಾಡುವ ಕಡೆ ಅವರಿಗೆ ಕೆಲಸವಿತ್ತಂತೆ. ಮುರಿದ ರೆಕ್ಕೆ, ತೂತು ಬಿದ್ದ ಬಾಲ, ಸುಟ್ಟ ಇಂಜಿನ್, ಇವುಗಳ ಫೋಟೋ ತೆಗೆದು ಸಾಹೇಬರಿಗೆ ಒಪ್ಪಿಸುವುದು. ರಿಪೇರಿಯಾದದ್ದು ಇನ್ನೊಂದು ಬಾಗಿಲಿಂದ ಹಾರಿ ಹೋಗುತ್ತಿತ್ತು, ಅಲ್ಲಿಗೆ ಇವರನ್ನು ಬಿಡುತ್ತಿರಲಿಲ್ಲ.

"ಮುರ್ದಿದ್ದನ್ನೆಲ್ಲಾ ತೆಗ್ದಿದ್ದೀನಿ ಕಣವ್ವ," ಅಂದರು. "ಇಡಿಯಾಗಿ ನೆಲದ್ ಮೇಲೆ ನಿಂತಿರಾದ್ನ ಒಂದೇ ಒಂದು ತೆಗೀಬೇಕು. ಅಷ್ಟಾದ್ರೆ ಸಾಕು."

ಜೆಟ್ ವಿಮಾನಗಳು ಕಾಣಿಸಿಕೊಳ್ಳತೊಡಗಿದಾಗ ಅವರಿಗೆ ಸಂತೋಷವೇನೂ ಆಗಲಿಲ್ಲ. "ಸೀಟಿ ಒಡ್ಕಂಡ್ ಓಯ್ತವೆ, ಪೋಲಿ ಮುಂಡೇವು. ನಮ್ಮ ಹಳೇವು ಮಾತಾಡ್ಕಂಡ್ ಓಯ್ತಿದ್ವು," ಎನ್ನುತ್ತಿದ್ದರು.

ನಮ್ಮ ಯಜಮಾನರು ಒಮ್ಮೆ ಹಟ ಹಿಡಿದು ಅಪ್ಪನದೊಂದು ಫೋಟೋ ತೆಗೆದರು. ಹಿತ್ತಲಲ್ಲಿ ಕುರ್ಚಿ, ಶಾಲು, ಪೇಟ, ಎಲ್ಲ ಸಿದ್ಧ. ಗುಂಡಿ ಒತ್ತುವ ಕ್ಷಣಕ್ಕೆ ಎಲ್ಲಿಂದಲೋ ಒಂದು ಗುಂಯ್ಗುಟ್ಟಿತು. ತೊಳೆದು ನೋಡಿದರೆ ಪೇಟ ಹಿಂದಕ್ಕೆ ವಾಲಿದೆ, ಮುಖವಿಲ್ಲ, ಚೌಕಟ್ಟಿನ ತುಂಬ ಆ ಕಪ್ಪು ಕತ್ತು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇನ್ನೊಂದು ತೆಗೆಸಿಕೊಳ್ಳಿ ಎಂದರೆ, "ನನ್ ಮೂತಿಗೆ ಫಿಲ್ಮ್ ಯಾಕೆ ದಂಡ?" ಎಂದು ಎದ್ದು ಹೋದರು.

ನನ್ನ ತವರು ನುಗ್ಗೇಹಳ್ಳಿ ಹತ್ತಿರದ ಒಂದು ಊರು. ಒಂದು ಬೇಸಿಗೆ ನಾನು ಅಲ್ಲಿದ್ದಾಗ ಊರ ಮೇಲೆ ವಿಮಾನವೊಂದು ಕೆಮ್ಮಿದಂತೆ ಸದ್ದು ಮಾಡುತ್ತ ಸುತ್ತಿ ಸುತ್ತಿ ಬತ್ತಿದ ಕೆರೆಯಲ್ಲಿ ಇಳಿದುಬಿಟ್ಟಿತು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯ ಹಳೆಯ ಮಿಲಿಟರಿ ವಿಮಾನ. ಓಡಿಸುತ್ತಿದ್ದ ಹುಡುಗನಂಥ ಪೈಲಟ್ ಇಳಿದು ನಗುತ್ತ ನಿಂತ, ಒಂದು ಗಾಯವಿಲ್ಲ. ಇಂಜಿನ್ನಿನಲ್ಲಿ ಏನೋ ಕೆಟ್ಟಿತ್ತು. ಸಂಜೆಯ ಬಸ್ಸಿನ ಕಂಡಕ್ಟರಿಗೆ, ಚನ್ನರಾಯಪಟ್ಟಣದಲ್ಲಿ ಹೊಳೆನರಸೀಪುರದ ಬಸ್ಸಿನವರ ಕೈಲಿ ನಮ್ಮ ಮಾವನಿಗೆ ಸುದ್ದಿ ಮುಟ್ಟಿಸಪ್ಪಾ ಎಂದು ಗೋಗರೆದೆ: "ಇಡಿಯಾಗಿ ನೆಲದ ಮೇಲೆ ನಿಂತಿದೆ ಅಂತ ಹೇಳು, ಅವರಿಗೆ ಗೊತ್ತಾಗುತ್ತೆ."

ಮರುದಿನ ಬೆಳಗಿನ ಬಸ್ಸಿಗೆ ಮಾವ ಬಂದಿಳಿದರು. ಹೆಗಲಲ್ಲಿ ಎರಡು ಕ್ಯಾಮೆರಾ, ಮೈಮೇಲೆ ಮದುವೆಗೆ ಹೋಗುವಾಗ ಹಾಕುವ ಕೋಟು. ಅಷ್ಟು ಹೊತ್ತಿಗೆ ಬೆಂಗಳೂರಿನಿಂದ ಜೀಪಿನಲ್ಲಿ ಮೆಕ್ಯಾನಿಕ್ಕುಗಳು ಬಂದು ಕೆಲಸ ಹಿಡಿದಿದ್ದರು, ಕಾವಲಿಗೆ ಒಬ್ಬ ಪೊಲೀಸ್ ಪೇದೆಯೂ ಇದ್ದ. ಮಾವ ಸೀದಾ ಪೈಲಟ್ ಹತ್ತಿರ ಹೋಗಿ, ತಮಗೆ ಬರುವ ಇಂಗ್ಲಿಷಿನಲ್ಲಿ ಫೋಟೋ ತೆಗೆಯಬಹುದೇ ಎಂದು ಕೇಳಿದರು. ಆತ ಬಹಳ ಬೇಸರದಿಂದಲೇ ತಲೆಯಾಡಿಸಿದ. ಮಿಲಿಟರಿ ವಿಮಾನ, ಅಪ್ಪಣೆ ಇಲ್ಲ.

ಮಾವ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಗುಂಡಿ ಹಾಕಿದರು. ನನಗೆ ತಡೆಯಲಾಗಲಿಲ್ಲ. "ಮಾವಾ, ಆ ಹೊಂಗೆ ಮರದ ಮರೇಲಿ ನಿಂತು ತೆಕ್ಕಳಿ, ಯಾರು ನೋಡ್ತಾರೆ?" ಎಂದು ಪಿಸುಗುಟ್ಟಿದೆ.

"ಬ್ಯಾಡ ಕಣವ್ವ. ಕೇಳ್ದೆ, ಬ್ಯಾಡ ಅಂದ್ರು. ಕೇಳ್ದಲೇ ಇದ್ದಿದ್ರೆ ಬ್ಯಾರೆ ಮಾತು."

"ಕೇಳಿದ್ದಾದ್ರೂ ಯಾಕೆ? ಆಕಾಶದಲ್ಲಿ ಹೋಗೋದನ್ನ ಕೇಳಿ ತೆಗೀತೀರಾ?"

"ಆಕಾಶದಲ್ಲಿ ಓಗಾದು ಬೀದೀಲಿ ಓಗೋ ದಿಬ್ಬಣ ಇದ್ದಂಗೆ, ಯಾರಾನಾ ನೋಡ್ಬೌದು. ಇದು ಇಳ್ದು ನಿಂತದೆ. ಇನ್ನೊಬ್ರ ಮನೆ ಹೆಣ್ಮಗ ನಮ್ಮೂರಿಗೆ ಬಂದು ನಿಂತಂಗೆ."

ನನಗೆ ಅಳುವೇ ಬಂತು. ಅವರು ಮಾತ್ರ ಮತ್ತೆ ಪೈಲಟ್ ಹತ್ತಿರ ಹೋಗಿ, ಮುಟ್ಟಬಹುದೇ ಎಂದು ಕೇಳಿದರು. ಅದಕ್ಕೆ ಆತ ನಕ್ಕು ಒಪ್ಪಿದ. ಮಾವ ಚಪ್ಪಲಿ ಬಿಟ್ಟು ಹೋಗಿ ಕೆಳರೆಕ್ಕೆಯ ಮೇಲೆ ಅಂಗೈ ಇಟ್ಟರು. ಬೆರಳಲ್ಲಿ ತಟ್ಟಿದರೆ ತಮಟೆಯಂತೆ ಸಣ್ಣಗೆ ಸದ್ದಾಯಿತು. "ಬಟ್ಟೆ ಕಣವ್ವಾ, ಬಿಗಿಯಾಗಿ ಎಳ್ದು ಬಣ್ಣ ಒಡ್ದವ್ರೆ. ಎಲ್ಲೂ ಅರ್ದಿಲ್ಲ ನೋಡು, ಎಲ್ಲೂ ಅರ್ದಿಲ್ಲ," ಎಂದು ರೆಕ್ಕೆಯ ಉದ್ದಕ್ಕೂ ಕೈಯಾಡಿಸುತ್ತ ನಡೆದರು. ಅವರ ಕಣ್ಣು ತುಂಬಿತ್ತು.

ಸಂಜೆಯ ಹೊತ್ತಿಗೆ ಇಂಜಿನ್ ಸರಿಹೋಯಿತು. ಊರಿಗೆ ಬಂದ ಗಾಡಿಯನ್ನು ಹಾಗೇ ಕಳಿಸುವುದುಂಟೇ? ನಮ್ಮೂರಿನ ಹೆಂಗಸರು ಅರಿಶಿನ ಕುಂಕುಮ ಹಿಡಿದು ಬಂದು ಮೂತಿಗೆ ಬೊಟ್ಟಿಟ್ಟರು, ಕಾಯಿ ಒಡೆದರು, ಹೊಸ ಲಾರಿಗೆ ಇಡುವ ಹಾಗೆ ಎರಡು ಚಕ್ರದ ಮುಂದೂ ನಿಂಬೆಹಣ್ಣು ಇಟ್ಟರು. ಗಾಳಿಯಲ್ಲಿ ಹೋಗುವುದಕ್ಕೆ ಚಕ್ರದ ಪೂಜೆ ಏಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಪೈಲಟ್ ಕೈಮುಗಿದು ಹತ್ತಿ ಕೂತ. ನಿಂಬೆಹಣ್ಣು ಅಪ್ಪಚ್ಚಿಯಾದವು, ಧೂಳೆದ್ದಿತು, ವಿಮಾನ ಓಡಿ ಓಡಿ ಮೇಲೇರಿತು. ಊರು ಊರೇ ಹೋ ಎಂದಿತು. ಮಾವ ಎಂದಿನಂತೆ ಕತ್ತೆತ್ತಿ, ಸದ್ದು ಅಡಗುವವರೆಗೂ ನಿಂತಿದ್ದರು.

ಆಮೇಲೆ ಪೇದೆಯ ಹತ್ತಿರ ಹೋದರು. "ಸಾ, ಈಗ ತೆಗೀಬೌದಾ?"

"ಏನ್ ತೆಗೀತೀರಿ ಯಜಮಾನ್ರೇ? ಅದು ಓಯ್ತಲ್ಲ."

"ಓಗಿರಾದ್ನೇ."

ಪೇದೆ ನಗುತ್ತ, ತೆಗೆದುಕೊಳ್ಳಿ ಎಂದು ಕೈಯಾಡಿಸಿದ. ಮಾವ ದೊಡ್ಡ ಕ್ಯಾಮೆರಾವನ್ನು ಹೊರಿಸಿಕೊಂಡು ಕೆರೆಯ ಏರಿ ಹತ್ತಿ ಒಂದೇ ಒಂದು ಫೋಟೋ ತೆಗೆದರು. ಕೆಳಗೆ ಜಜ್ಜಿಹೋದ ನಿಂಬೆಹಣ್ಣು. ಅಲ್ಲಿಂದ ಒಣಗಿದ ಗೋಡುಮಣ್ಣಿನ ಮೇಲೆ ಎರಡು ಚಕ್ರದ ಜಾಡು, ನಡುವೆ ಬಾಲ ಎಳೆದ ಸಣ್ಣ ಗೆರೆ. ಸ್ವಲ್ಪ ದೂರ ಹೋಗಿ ನಡುವಿನ ಗೆರೆ ನಿಲ್ಲುತ್ತದೆ. ಇನ್ನೂ ಸ್ವಲ್ಪ ಮುಂದೆ ಚಕ್ರದ ಜಾಡೂ ನಿಲ್ಲುತ್ತದೆ. ಆಮೇಲೆ ಬರೀ ಕೆರೆಯಂಗಳ. ಅದನ್ನು ತೊಳೆದು, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಸ್ಟುಡಿಯೋದಲ್ಲಿ ತೂಗುಹಾಕಿದರು. "ಇಡಿಯಾಗಿ ಓಯ್ತು," ಎನ್ನುತ್ತಿದ್ದರು, ಅದರ ಮುಂದೆ ನಿಂತು.

ಅರವತ್ತರ ದಶಕದ ಒಂದು ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಹಾಸನದ ಆಸ್ಪತ್ರೆಯಲ್ಲಿ ಕೈಚೆಲ್ಲಿ ಮನೆಗೆ ಕಳಿಸಿದರು. ಕಣ್ಣು ಮುಚ್ಚಿಕೊಂಡೇ, ಬೀದಿಯಲ್ಲಿ ಏನಾದರೂ ಸದ್ದಾದರೆ, "ಯಾವ್ದವ್ವ ಅದು?" ಎಂದು ಕೇಳುವರು. ನಾನು ಕೈ ಹಿಡಿದುಕೊಂಡು, "ಎರಡು ಜೊತೆ ರೆಕ್ಕೇದು, ಮಾವಾ," ಎನ್ನುವೆ.

"ಸುಳ್ ಏಳ್‌ಬ್ಯಾಡ, ಲಾರಿ ಅದು," ಎಂದು ಮೆಲ್ಲಗೆ ನಗುವರು.

ಅವರು ತೀರಿಕೊಂಡ ಮೇಲೆ ಗಣಾರಾಧನೆಗೆ ಇಡಲು ಫೋಟೋ ಬೇಕಾಯಿತು. ಊರಿಗೆಲ್ಲ ಫೋಟೋ ತೆಗೆದವರದು ಮನೆಯಲ್ಲಿ ಇದ್ದದ್ದು ಆ ಕತ್ತಿನ ಫೋಟೋ ಒಂದೇ. ಅದನ್ನು ಕೈಯಲ್ಲಿ ಹಿಡಿದು ನಮ್ಮ ಯಜಮಾನರು ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಎದ್ದು ಸ್ಟುಡಿಯೋಕ್ಕೆ ಹೋದರು. ಗೋಡೆಯ ಮೇಲಿದ್ದ ಕೆರೆಯಂಗಳದ ಫೋಟೋ ಇಳಿಸಿ, ಸೆರಗಿನಲ್ಲಿ ಒರೆಸಿ ತಂದು ಮಣೆಯ ಮೇಲಿಟ್ಟರು. ಗಾಜಿಗೆ ತಾವೇ ವಿಭೂತಿ ಬಳಿದು, "ಆರ ಆಕವ್ವ," ಎಂದು ನನಗೆ ಹೇಳಿದರು. ಹಾಕಿದೆ.

ಊಟಕ್ಕೆ ಬಂದ ನೆಂಟರೊಬ್ಬರು ಅದರ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. "ಇದೇನವ್ವಾ, ಬರೀ ಗಾಡಿ ಜಾಡು. ನಡುಮಧ್ಯ ನಿಂತೋಗದೆ. ಎಲ್ಲಿಗೋಯ್ತು ಗಾಡಿ?"

ಸೊಳ್ಳೆ ಫೋಟ ಎಂದು ಜೀವಮಾನವೆಲ್ಲ ಬೈದ ನಮ್ಮತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ಮ್ಯಾಕ್ಕೆ," ಅಂದರು.